ಉಪ್ಪಿಲ್ಲದ ದೊಡ್ಡ ನೀರು

"ಪಪ್ಪಾ, ಇದ್ರಲ್ಲಿ ಸಾಲ್ಟೇ ಇಲ್ಲ," ದೋಣಿಯಿಂದ ಕೈ ಅದ್ದಿ ನಾಲಿಗೆಗೆ ತಾಗಿಸಿಕೊಂಡ ಮಗಳು ಪಿಸುಗುಟ್ಟಿದಳು. ಮಾಯಾ ಜನರ ಪುರಾತನ ಗುಡಿಗಳನ್ನು ನೋಡಲು ಕತಾರ್‌ನಿಂದ ಹೊರಟವರು ನಾವು. ಎರಡು ದಿನ ವಿಮಾನ, ಬಸ್ಸು ಬದಲಿಸಿ, ಗ್ವಾಟೆಮಾಲಾದ ಸರೋವರದ ನಡುವಿನ ದ್ವೀಪದ ಊರು ಫ್ಲೋರೆಸ್‌ಗೆ ಹೋಗುತ್ತಿದ್ದೆವು. ಕತಾರ್‌ನ ಅಲ್ ಸದ್ದ್ ಬಡಾವಣೆಯ ಫ್ಲ್ಯಾಟಿನಲ್ಲೇ ಬೆಳೆದ ಎಂಟು ವರ್ಷದ ಅವಳಿಗೆ ದೊಡ್ಡ ನೀರೆಂದರೆ ಸಮುದ್ರ, ಕುಡಿಯುವ ನೀರೆಂದರೆ ಕ್ಯಾನು.

ಮುದುಕ ಅಂಬಿಗ ಇಂಜಿನ್ ನಿಲ್ಲಿಸಿ, ಬೊಗಸೆಯಲ್ಲಿ ನೀರೆತ್ತಿ ಅವಳಿಗೆ ತೋರಿಸಿದ. "ಅಗುವಾ ದುಲ್ಸೆ."

ಹೆಂಡತಿ ಮೊಬೈಲಿನಲ್ಲಿ ಅರ್ಥ ನೋಡಿದಳು. "ಸಿಹಿನೀರು ಅಂತೆ ರೀ. ಇವರೂ ನಮ್ಮ ಹಾಗೇ ಹೇಳ್ತಾರೆ."

ಮರುದಿನ ಕಾಡಿನ ಮೇಲೆ ಎದ್ದು ನಿಂತ ಕಲ್ಲಿನ ಗುಡಿಗಳನ್ನು ಕತ್ತೆತ್ತಿ ನೋಡಿ ಬೆರಗಾದೆವು. ಆದರೆ ನೇತ್ರಾವತಿಯಲ್ಲಿ ಈಜಿ ಬೆಳೆದ ನನಗೆ, ಸಿಹಿನೀರೂ ಅಷ್ಟೇ ದೊಡ್ಡ ಬೆರಗೆಂದು ಮಗಳು ಅದರ ರುಚಿ ನೋಡುವವರೆಗೆ ಹೊಳೆದೇ ಇರಲಿಲ್ಲ.