ಕೆಂಪು ಕೊಡೆ ಹಿಡಿಯುವ ಗಾಮ್ ಅಕ್ಕ

ಕಡಲ ಮೇಲಿನ ಮಂಜು ಇನ್ನೂ ಕರಗಿಲ್ಲ. ವ್ಯಾಂಕೂವರ್ ದ್ವೀಪದ ಪಡುವಣ ದಂಡೆಯ ರೆಸಾರ್ಟಿನ ಅಡುಗೆಮನೆಯಲ್ಲಿ ಒಂದು ಒಲೆ ಕೇಳಿ ಪಡೆದು, ಲಾಮ್ ಯೂಕ್ ಗಾಮ್ ಕೆಂಪು ಖರ್ಜೂರ, ತಾವರೆ ಬೀಜ ಹಾಕಿದ ಚಹಾ ಕುದಿಸುತ್ತಿದ್ದಾರೆ. ಕಿವಿಯ ಹಿಂದೆ ಬಟ್ಟೆಯ ಕೆಂಪು ಹೂ, ಮಗ್ಗುಲಲ್ಲಿ ಮಡಿಸಿಟ್ಟ ಕೆಂಪು ಕೊಡೆ. ಕೈ ಸೌಟಿನ ಮೇಲಿದ್ದರೂ ಕಣ್ಣು ಬಾಗಿಲ ಕಡೆಗೆ. ಬಿಸಿಲು ಏರುವ ಮೊದಲು ಒಂದು ಮಾತು ತೀರ್ಮಾನ ಆಗಬೇಕು: ಮದುಮಗಳು ವಿಂಗ್ ಯಾರ ಬಾಗಿಲಿನಿಂದ ಹೊರಡುತ್ತಾಳೆ?

ರಿಚ್ಮಂಡ್ ಊರಿನ ಕ್ಯಾಂಟನೀಸ್ ಚೀನೀಯರ ಮನೆಗಳಿಗೆ ಇವರು ಗಾಮ್ ಅಕ್ಕ. ಮದುಮಗಳನ್ನು ತವರಿನ ಹೊಸಿಲು ದಾಟಿಸುವುದು, ನೆತ್ತಿಯ ಮೇಲೆ ಕೊಡೆ ಹಿಡಿಯುವುದು, ಗಂಡನ ಮನೆಯ ಹಿರಿಯರಿಗೆ ಚಹಾ ಕೊಡಿಸುವುದು, ಹೆಜ್ಜೆ ಹೆಜ್ಜೆಗೂ ಶುಭದ ಮಾತನ್ನು ರಾಗವಾಗಿ ಹೇಳುವುದು ಅವರ ಕಸುಬು. ಮದುವೆಗಳು ಊರು ಬಿಟ್ಟು ಕಡಲ ದಂಡೆಗೆ, ಬೆಟ್ಟದ ತುದಿಗೆ ಹೊರಟ ಮೇಲೆ ಅವರೂ ಗಂಟು ಕಟ್ಟಿಕೊಂಡು ಹೊರಟಿದ್ದಾರೆ. ಆಮಂತ್ರಣದ ಕೊನೆಯ ಪುಟದಲ್ಲಿ ಹೂವಿನವರ ಹೆಸರಿದೆ, ಫೋಟೊದವರ ಹೆಸರಿದೆ, ಕೇಕಿನವರದೂ ಇದೆ. ಸಂಪ್ರದಾಯ ಎಂಬ ಪದವಂತೂ ಚಿನ್ನದ ಅಕ್ಷರದಲ್ಲಿದೆ. ಅದನ್ನು ಹೊತ್ತು ತಂದವಳ ಹೆಸರಿಲ್ಲ.

ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂತಿದ್ದವರಿಗೆ ಈ ಕೆಲಸ ಕಲಿಸಿದ್ದು ಗಂಡನ ಚಿಕ್ಕಮ್ಮ. ಕಲಿಸುವಾಗಲೇ ಕಟ್ಟಳೆಯನ್ನೂ ಹೇಳಿದ್ದರು: ಕೊಡೆ ಹಿಡಿಯುವವಳಿಗೆ ಗಂಡ ಇರಬೇಕು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿದೆ. ಗಾಮ್ ಅಕ್ಕ ಯಾರಿಗೂ ಹೇಳಿಲ್ಲ. ಹೇಳಿದ ದಿನ ಕಸುಬು ಹೋಗುತ್ತದೆ.

"ನನ್ನ ನೆರಳು ಮದುಮಗಳ ಮೇಲೆ ಬೀಳಬಾರದಂತೆ. ಅವರು ಹೋಗಿದ್ದು ಎದೆ ನೋವು ಬಂದು. ಪಾಪದ್ದು, ನನ್ನ ನೆರಳು ಏನ್ಮಾಡಿತ್ತು?" ಎಂದು ತಮ್ಮಷ್ಟಕ್ಕೇ ಕೇಳಿಕೊಳ್ಳುತ್ತಾರೆ.

ಹೆಂಡತಿ ಸತ್ತ ಗಂಡಸು ಅದೇ ಮದುವೆಯಲ್ಲಿ ಮೊದಲ ಕುರ್ಚಿಯಲ್ಲಿ ಕೂತು ಚಹಾ ಹೀರುತ್ತಾನೆ. ಅವನ ನೆರಳಿಗೆ ದೋಷ ಹಚ್ಚುವ ಶಾಸ್ತ್ರವನ್ನು ಯಾರೂ ಬರೆದಿಲ್ಲ.

ವಿಂಗ್‌ಳ ತಾಯಿ ಸೂಕ್ ಫನ್ ಕೂಡ ಗಂಡನನ್ನು ಕಳೆದುಕೊಂಡವರು, ಹೋಟೆಲೊಂದರಲ್ಲಿ ಹೂರಣ ತುಂಬಿ ಡಂಪ್ಲಿಂಗ್ ಕಡುಬು ಮಡಚುವವರು. ರೆಸಾರ್ಟ್ ಹಿಡಿದಿರುವುದು ಗಂಡಿನ ಕಡೆಯವರು. ಬೀಗರ ಹಂಗು ಬೇಡವೆಂದು ಸೂಕ್ ಫನ್ ಹೆದ್ದಾರಿಯ ತಿರುವಿನ ಹಳೆಯ ಮೋಟೆಲಿನಲ್ಲಿ ಉಳಿದಿದ್ದಾರೆ. ಗಂಡಿನ ತಂದೆಯ ಅಕ್ಕ, ದೊಡ್ಡತ್ತೆ ಕ್ವಾನ್ ಅಮ್ಮನ ಅಪ್ಪಣೆಯಂತೆ ವಿಂಗ್ ರೆಸಾರ್ಟಿನ ಕೋಣೆಯಿಂದಲೇ ಹೊರಡಬೇಕು. ಆ ಬಾಗಿಲಿಗೆ ಮಂಗಳದ ಕೆಂಪು ಕಾಗದವನ್ನು ನಿನ್ನೆ ಸಂಜೆ ಅಂಟಿಸಿದವರೂ ಗಾಮ್ ಅಕ್ಕನೇ. ಅಂಟಿಸಿದ್ದನ್ನು ಕೀಳುವಂತಿಲ್ಲ, ಅಪಶಕುನ.

ವಿಂಗ್ ತಲೆತುಂಬ ಕ್ಲಿಪ್ಪು ಸಿಕ್ಕಿಸಿಕೊಂಡೇ ಅಡುಗೆಮನೆಗೆ ಬರುತ್ತಾಳೆ.

"ಗಾಮ್ ಅಕ್ಕ, ನಾನು ಅಮ್ಮನ ರೂಮಿಂದಾನೇ ಹೊರಡೋದು. ಕ್ವಾನ್ ಅಮ್ಮಂಗೆ ನೀವು ಹೇಳಿ."

"ನಾನಾ? ಮದುವೆ ಆಗೋದು ನೀನು, ಬೈಸ್ಕೊಳೋದು ನಾನು!"

ಅಷ್ಟರಲ್ಲಿ ಕ್ವಾನ್ ಅಮ್ಮನೇ ಮುತ್ತಿನ ಸರ ಸರಿಮಾಡಿಕೊಳ್ಳುತ್ತ ಬಂದು ನಿಲ್ಲುತ್ತಾರೆ. "ಚಹಾ ಆಯ್ತಾ?"

"ಆಯ್ತು. ಮೋಟೆಲಿಗೆ ತಗೊಂಡು ಹೋಗ್ತಿದೀನಿ. ಹುಡುಗಿ ಅಲ್ಲಿಂದ ಹೊರಡ್ತಾಳೆ."

"ಲಾರಿಯವರು ಮಲಗೋ ಜಾಗದಿಂದಾನಾ? ತಲೆ ನೆಟ್ಟಗಿದೆಯಾ ನಿಂಗೆ?"

"ಇಲ್ಲಿ ಕೋಣೆ ಹಿಡಿದೋರು ನೀವು. ಅಂದ್ರೆ ಇದು ಗಂಡಿನ ಮನೆ. ಗಂಡಿನ ಮನೆಯಿಂದ ಗಂಡಿನ ಮನೆಗೆ ಹೆಣ್ಣು ಕರ್ಕೊಂಡು ಬರೋದು ಹ್ಯಾಗೆ?"

"ಬಾಗಿಲಿಗೆ ಕಾಗದ ಅಂಟಿಸಿದ್ದು ನೀನೇ ಅಲ್ವಾ?"

"ಹೌದು, ಯೋಚನೆ ಮಾಡದೆ ಅಂಟಿಸಿದೆ. ಇರಲಿ, ಅದು ಒಳಗೆ ಬರೋ ಬಾಗಿಲಾಗ್ಲಿ. ಹೊರಡೋ ಬಾಗಿಲಿಗೆ ಇನ್ನೊಂದು ಅಂಟಿಸ್ತೀನಿ."

ಕ್ವಾನ್ ಅಮ್ಮ ದನಿ ತಗ್ಗಿಸುತ್ತಾರೆ. "ಗಂಡ ಸತ್ತವಳ ಹೊಸಿಲು ಕಣೇ ಅದು. ಅದನ್ನ ದಾಟಿ ನಮ್ಮನೆಗೆ ಬರೋದಾ? ಗಂಡ ಇರೋಳು ನೀನು, ನಿಂಗಾದ್ರೂ ಗೊತ್ತಾಗ್ಬೇಡ್ವಾ?"

ಗಾಮ್ ಅಕ್ಕ ಒಲೆ ಆರಿಸುತ್ತಾರೆ.

"ನನ್ನ ಗಂಡ ಸತ್ತು ಒಂಬತ್ತು ವರ್ಷ ಆಯ್ತು, ಕ್ವಾನ್ ಅಮ್ಮ. ಆಮೇಲೆ ನಾನು ಕೊಡೆ ಹಿಡಿದ ಹುಡುಗೀರು ಚೆನ್ನಾಗೇ ಇದಾರೆ. ಒಬ್ಬಳು ಗಂಡನ್ನ ಬಿಟ್ಟು ಬಂದ್ಲು. ಅದಕ್ಕೆ ಅವನ ಕುಡಿತ ಕಾರಣ, ನನ್ನ ನೆರಳಲ್ಲ. ಬೇಡ ಅಂದ್ರೆ ಕೊಡೆ ಇಲ್ಲೇ ಇದೆ, ನೀವೇ ಹಿಡೀರಿ."

ಕ್ವಾನ್ ಅಮ್ಮ ಕೊಡೆ ಮುಟ್ಟುವುದಿಲ್ಲ. ವಿಂಗ್ ಅದನ್ನೆತ್ತಿ ಗಾಮ್ ಅಕ್ಕನ ಕೈಗಿಡುತ್ತಾಳೆ.

ಮೋಟೆಲಿನ ಕೋಣೆಯಲ್ಲಿ ತಾಯಿ ಮಗಳ ತಲೆ ಬಾಚುತ್ತಿದ್ದಾರೆ. "ಬೈತಲೆ ಸೊಟ್ಟ ಆಗ್ತಿದೆ ಅಕ್ಕ," ಎನ್ನುತ್ತಾರೆ ಸೂಕ್ ಫನ್. "ಡಂಪ್ಲಿಂಗ್ ಮಡಚೋ ಕೈ, ಕೂದಲಿಗೆ ಹೆದರತ್ತಾ? ಬಾಚು," ಎಂದು ಗಾಮ್ ಅಕ್ಕ ಶುಭದ ಮಾತು ಶುರುಮಾಡುತ್ತಾರೆ. ಹೊರಗೆ ಜಲ್ಲಿಕಲ್ಲಿನ ಅಂಗಳದಲ್ಲಿ ಗೆಳತಿಯರು ಮದುವೆಯ ವಾಡಿಕೆಯ ಆಟದಂತೆ ಬಾಗಿಲು ಬಿಡದೆ ಮದುಮಗನಿಂದ ದಂಡ-ಬಸ್ಕಿ ಹೊಡೆಸುತ್ತಿದ್ದಾರೆ. ಲಾರಿ ಚಾಲಕನೊಬ್ಬ ಚಪ್ಪಾಳೆ ತಟ್ಟುತ್ತಿದ್ದಾನೆ. ಬಾಗಿಲು ತೆರೆಯುತ್ತದೆ, ಕೆಂಪು ಕೊಡೆ ಬಿಚ್ಚಿಕೊಳ್ಳುತ್ತದೆ, ವಿಂಗ್ ತಾಯಿಯ ಹೊಸಿಲು ದಾಟುತ್ತಾಳೆ.

ಆ ದಿನ ಕ್ವಾನ್ ಅಮ್ಮ ಸೊಸೆಯ ಕೈಯಿಂದ ಚಹಾ ತೆಗೆದುಕೊಂಡರು. ಗಾಮ್ ಅಕ್ಕನ ಮುಖ ನೋಡಲಿಲ್ಲ. ಸುದ್ದಿ ಗಾಮ್ ಅಕ್ಕನಿಗಿಂತ ಮೊದಲೇ ರಿಚ್ಮಂಡ್ ಮುಟ್ಟಿತ್ತು. ಕೆಲವು ಮನೆಯವರು ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದಾರೆ. ಒಬ್ಬ ತಾಯಿ ಮಾತ್ರ ಗಂಡ ಇಲ್ಲವಂತೆ ಹೌದೇ ಎಂದು ನೇರವಾಗಿ ಕೇಳಿ, ಉತ್ತರ ಪಡೆದು, "ನಾನೂ ಹಾಗೇ, ನೀವೇ ಬನ್ನಿ" ಎಂದಿದ್ದಾರೆ.

ಪಶ್ಚಾತ್ತಾಪವೇ? ಗಾಮ್ ಅಕ್ಕ ನಗುತ್ತಾರೆ. "ಯಜಮಾನ್ರು ಎಲ್ಲಿ ಅಂತ ಯಾರೇ ಕೇಳಿದ್ರೂ, ಬೇಕರೀಲಿ ರಾತ್ರಿ ಪಾಳಿ ಅಂತಿದ್ದೆ. ಪಾಪ, ಸತ್ತ ಮೇಲೂ ಅಷ್ಟು ವರ್ಷ ದುಡಿಸಿಬಿಟ್ಟೆ. ಈಗ ಮಲಗಿದ್ದಾರೆ."