ಏಳನೇ ಗುಂಡಿಯ ಸಿಸಿಲ್ ಬಾಯಿ

ಸಿಸಿಲ್ ಬಾಯಿ ಕಾರು ಹತ್ತಿಸಿಕೊಳ್ಳುವ ಮೊದಲು ನಮ್ಮ ಕೈ ಮೂಸಿ ನೋಡುತ್ತಿದ್ದರು. ಶನಿವಾರ ಬೆಳಗಿನ ಐದೂವರೆಗೆ ದುಬೈಯ ಅಲ್ ಕುಸೈಸಿನ ನಮ್ಮ ಕಟ್ಟಡದ ಕೆಳಗೆ ಕಾರಿನ ಬಾಗಿಲಿಗೆ ಅಡ್ಡ ನಿಂತು "ಕೈ ತೋರಿಸು" ಎನ್ನುವರು. ಮೊದಲು ಅಂಗೈ, ಆಮೇಲೆ ಹಿಂಗೈ, ಕೊನೆಗೆ ಮಣಿಕಟ್ಟು. ಸೆಂಟು, ಸನ್‌ಸ್ಕ್ರೀನ್, ಕೈಗೆ ಹಚ್ಚುವ ಕ್ರೀಮು, ಯಾವುದರ ವಾಸನೆ ಬಂದರೂ ವಾಪಸು ನಾಲ್ಕನೇ ಮಹಡಿಗೆ ಅಟ್ಟುವರು. ಬರೀ ನೀರಿನಲ್ಲಿ ಮೂರು ಸಲ ತೊಳೆದು ಬಂದ ಮೇಲೆ ಮತ್ತೆ ಮೂಸುವರು. ನಮ್ಮ ವಾಚ್‌ಮನ್ ಇದನ್ನು ನಮ್ಮ ಊರ ಕಡೆಯ ಆಶೀರ್ವಾದದ ಪದ್ಧತಿ ಎಂದುಕೊಂಡು, ಒಂದು ದಿನ ತಾನೂ ಬಂದು ಭಕ್ತಿಯಿಂದ ಕೈ ಚಾಚಿದ್ದ. ಬಾಯಿ ಅವನದನ್ನೂ ಮೂಸಿ "ಪಾಸ್" ಎಂದರು.

"ಕಪ್ಪೆಯ ಮೊಟ್ಟೆಗೆ ಕೋಳಿ ಮೊಟ್ಟೆಯ ಹಾಗೆ ಚಿಪ್ಪು ಇಲ್ಲ ಮಾರಾಯ್ತಿ" ಎಂದು ನನಗೆ ಮೊದಲ ದಿನವೇ ಹೇಳಿದ್ದರು. "ಬರೀ ಲೋಳೆ. ನೀರಲ್ಲಿ ಎಂತ ಉಂಟೋ ಅದೆಲ್ಲ ಸೀದಾ ಒಳಗೆ ಹೋಗ್ತದೆ. ನಿನ್ನ ಅತ್ತರು ನಿನ್ನ ಗಂಡನಿಗೆ ಚಂದ, ಅವಕ್ಕೆ ವಿಷ."

ದುಬೈಯಲ್ಲಿ ಕಪ್ಪೆ ಮೊಟ್ಟೆ ಹುಡುಕುತ್ತೇನೆ ಎಂದರೆ ಯಾರೂ ನಂಬುವುದಿಲ್ಲ. ಧಾರವಾಡದಿಂದ ನನ್ನ ತಂಗಿ ಫೋನಿನಲ್ಲಿ "ಅಕ್ಕಾ, ಉಸುಕಿನ್ಯಾಗ ಕಪ್ಪಿ ಎಲ್ಲಿಂದ ಬರ್ತಾವ? ತಲಿ ಛಲೋ ಐತಿಲ್ಲ?" ಎಂದು ಕೇಳಿದ್ದಳು. ಅವಳ ತಪ್ಪೇನಿಲ್ಲ, ನಾನೂ ಹಾಗೆಯೇ ಕೇಳಿದ್ದೆ. ಆದರೆ ಊರು ದಾಟಿ ಒಂದೂವರೆ ತಾಸು ಹೋದರೆ ಹತ್ತಾ ಎಂಬಲ್ಲಿನ ಕಲ್ಲುಬೆಟ್ಟಗಳು ಸಿಗುತ್ತವೆ. ಅವುಗಳ ನಡುವಿನ ಒಣ ಹಳ್ಳಗಳಿಗೆ ಇಲ್ಲಿ ವಾದಿ ಎನ್ನುತ್ತಾರೆ. ಚಳಿಗಾಲದಲ್ಲಿ ಎರಡು ಮಳೆ ಬಿದ್ದರೆ ಸಾಕು, ವಾದಿಯ ಕಲ್ಲುಗಳ ಸಂದಿಯಲ್ಲಿ ನೀರು ನಿಂತು ಗುಂಡಿಗಳಾಗುತ್ತವೆ. ಫೆಬ್ರವರಿ, ಮಾರ್ಚಿನಲ್ಲಿ ಬಿಸಿಲು ಇನ್ನೂ ಮೆತ್ತಗಿರುವಾಗ ನೆಲಗಪ್ಪೆಗಳು ಎಲ್ಲಿಂದಲೋ ಎದ್ದು ಬಂದು ಆ ನೀರಿನಲ್ಲಿ ಮೊಟ್ಟೆ ಇಡುತ್ತವೆ. ಈ ದೇಶದಲ್ಲಿ ಕಪ್ಪೆಗಳೆಂದರೆ ಎರಡೇ ಜಾತಿ, ಎರಡೂ ನೆಲಗಪ್ಪೆಗಳೇ, ಎರಡೂ ಮೊಟ್ಟೆಯನ್ನು ಸರದ ಹಾಗೆ ಉದ್ದಕ್ಕೆ ಇಡುತ್ತವೆ. ಯಾವ ಗುಂಡಿಯಲ್ಲಿ ಎಷ್ಟು ಸರ ಎಂದು ವರ್ಷವರ್ಷವೂ ನೋಡಿ ಬರೆಯುವ ಏಳೆಂಟು ಜನರ ಒಂದು ಗುಂಪಿತ್ತು. ಅನುಮತಿ ಪತ್ರ ಇಟ್ಟುಕೊಂಡು ಹವ್ಯಾಸಕ್ಕೆ ಮಾಡುವ ಕೆಲಸ. ಆ ಗುಂಪಿನಲ್ಲಿ ಎಲ್ಲರಿಗಿಂತ ಹಳಬರು ಸಿಸಿಲ್ ಬಾಯಿ.

ಅವರು ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಮದುವೆಯಾಗಿರಲಿಲ್ಲ. ನಮ್ಮ ಮನೆ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದರು. ನಾನು ಗಂಡನ ವೀಸಾದ ಮೇಲೆ ಬಂದು, ಕೆಲಸವಿಲ್ಲದೆ, ಗುರುತಿನವರಿಲ್ಲದೆ, ಫ್ಲ್ಯಾಟಿನ ಗೋಡೆ ನೋಡುತ್ತ ಕೂತಿದ್ದ ಕಾಲ. ಸುಸ್ತು ಸುಸ್ತು ಎಂದು ರಕ್ತ ಪರೀಕ್ಷೆಗೆ ಅವರ ಲ್ಯಾಬಿಗೆ ಹೋದೆ. ಸೂಜಿ ಚುಚ್ಚುವಾಗ ಎಲ್ಲರೂ ಮುಖ ತಿರುಗಿಸುತ್ತಾರಂತೆ. ನಾನು ಮಾತ್ರ ರಕ್ತ ಕೊಳವೆಗೆ ಏರುವುದನ್ನು ಪಿಳಿಪಿಳಿ ನೋಡುತ್ತಿದ್ದೆ.

"ಕನ್ನಡವಾ?" ಎಂದರು, ನನ್ನ ಹೆಸರಿನ ಚೀಟಿ ಓದುತ್ತ. "ಕಣ್ಣು ಒಳ್ಳೆದುಂಟು ನಿನ್ನದು. ಶನಿವಾರ ಎಂತ ಮಾಡ್ತಿ?"

"ಏನೂ ಇಲ್ರೀ ಬಾಯಾರ" ಎಂದೆ. ನಮ್ಮ ಕಡೆ ದೊಡ್ಡ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ರೀತಿ ಅದು. ಅವರ ಕಡೆಯೂ ಬಾಯಿ ಎನ್ನುತ್ತಾರೆಂದು ಗೊತ್ತಾದದ್ದು ಆಮೇಲೆ. ರಿಪೋರ್ಟ್ ಬರುವ ಮೊದಲೇ ನನ್ನ ಸುಸ್ತಿಗೆ ಔಷಧಿ ಸಿಕ್ಕಿತ್ತು.

ಅವರ ಮುಖ್ಯ ಸಲಕರಣೆ ಒಂದು ಬಿಳಿ ಪಿಂಗಾಣಿ ತಟ್ಟೆ. ಅಂಚು ಎರಡು ಕಡೆ ಒಡೆದಿತ್ತು. ಗುಂಡಿಯ ಬಳಿ ಮೊಣಕಾಲೂರಿ, ಆ ತಟ್ಟೆಯನ್ನು ನೀರಿನೊಳಗೆ ಓರೆಯಾಗಿ, ಒಂದು ಅಲೆಯೂ ಏಳದಂತೆ ಜಾರಿಸುವರು. ಕಲ್ಲಿನ ಬಣ್ಣದಲ್ಲಿ ಕಲ್ಲಾಗಿದ್ದದ್ದು ಬಿಳಿಯ ಮೇಲೆ ಥಟ್ಟನೆ ಕಾಣುತ್ತಿತ್ತು. ಕರಿ ಸಾಸಿವೆಯಂಥ ಕಾಳುಗಳು, ಸುತ್ತ ತಿಳಿ ಲೋಳೆ, ಕಲ್ಲಿನಿಂದ ಕಲ್ಲಿಗೆ ಸುತ್ತಿಕೊಂಡ ಸರ. ಎತ್ತುವಂತಿಲ್ಲ, ಎಳೆಯುವಂತಿಲ್ಲ. ನೋಡಿ, ಎಣಿಸಿ, ಫೋಟೊ ತೆಗೆದು, ನೀರು ಎಷ್ಟು ಬೆಚ್ಚಗಿದೆ ಎಂದು ಬರೆದು, ತಟ್ಟೆಯನ್ನು ಹೋದ ದಾರಿಯಲ್ಲೇ ವಾಪಸು ತರಬೇಕು. ಬೆಳ್ಳಗಾಗಿದ್ದರೆ ಸತ್ತವು, ಅದನ್ನೂ ಬರೆಯಬೇಕು. ಎರಡರಲ್ಲಿ ಯಾವ ಜಾತಿ ಎಂದು ನಾನು ಕೇಳಿದರೆ, "ಮೊಟ್ಟೆ ನೋಡಿ ಹೇಳ್ಲಿಕ್ಕೆ ನಾನೆಂತ ಜ್ಯೋತಿಷಿಯಾ? ತಾಯಿಯನ್ನು ನೋಡಿದ್ರೆ ಜಾತಿ ಬರಿ, ಇಲ್ಲದಿದ್ರೆ ಗೊತ್ತಿಲ್ಲ ಅಂತ ಬರಿ. ಗೊತ್ತಿಲ್ಲ ಅನ್ಲಿಕ್ಕೆ ಎಂತ ಖರ್ಚುಂಟು?" ಎನ್ನುವರು.

ಹನ್ನೊಂದು ಗಂಟೆಗೆ ಬಂಡೆಯ ನೆರಳಿನಲ್ಲಿ ಊಟ. ಅವರ ಡಬ್ಬಿಯಲ್ಲಿ ಇಡ್ಲಿಯ ದೊಡ್ಡಮ್ಮನಂಥ ಸಾನ್ನ ಮತ್ತು ಕೋಳಿ ಸಾರು, ನನ್ನದರಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನನ್ನ ರೊಟ್ಟಿಯನ್ನು ಮುರಿದು "ಇದನ್ನು ತಿಂದೇ ನಿಮ್ಮ ಜನಕ್ಕೆ ಇಷ್ಟು ದೊಡ್ಡ ಸ್ವರ" ಎಂದು ಚುಡಾಯಿಸುವರು, ಆದರೆ ಎರಡಕ್ಕಿಂತ ಕಡಿಮೆ ಎಂದೂ ತಿಂದವರಲ್ಲ.

ನನ್ನ ದೊಡ್ಡ ಫಜೀತಿ ನಡೆದದ್ದು ಎರಡನೇ ವರ್ಷ. ಅಂದು ನನ್ನ ಗಂಡ ಗಿರೀಶನೂ ಜೊತೆಗೆ ಬಂದಿದ್ದ. ಬಾಯಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ನೀರು ಎಷ್ಟಿದೆ ನೋಡಲು ಮೇಲಿನ ಗುಂಡಿಗಳಿಗೆ ಹೋಗಿದ್ದರು, ನಾನು ಎರಡನೇ ಗುಂಡಿಯಲ್ಲಿ ತಟ್ಟೆ ಜಾರಿಸಿದೆ. ಕರಿ ಕಾಳು, ಸುತ್ತ ಲೋಳೆ, ಎಲ್ಲ ಸರಿ. ಆದರೆ ಸರವಿಲ್ಲ! ಒಂದೊಂದೂ ಬಿಡಿಬಿಡಿ. ಅಂದರೆ ಇದು ಎರಡು ಜಾತಿಯದೂ ಅಲ್ಲ. ಈ ದೇಶದಲ್ಲಿ ಯಾರೂ ಕಾಣದ ಮೂರನೇ ಜಾತಿ, ಕಂಡವಳು ಧಾರವಾಡದ ಸುಮಾ! ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ 'ಹೊಸ ಜಾತಿ' ಎಂದು ಬರೆದೆ, ಗುಂಪಿನ ಮುಖ್ಯಸ್ಥರಿಗೆ ತೋರಿಸಲು ಹತ್ತಾರು ಫೋಟೊ ತೆಗೆದೆ, ಆಮೇಲೆ ಬಾಯಿಯನ್ನು ಕೂಗಿದೆ. ಬೆಟ್ಟವೆಲ್ಲ ಕೇಳುವ ಹಾಗೆ ಕೂಗಿದೆ.

ಬಾಯಿ ಅವಸರವಿಲ್ಲದೆ ಇಳಿದು ಬಂದರು. ಮೊಣಕಾಲೂರಿದರು. ತಟ್ಟೆಯಲ್ಲಿ ಚೂರು ನೀರಿನ ಜೊತೆ ನಾಲ್ಕು ಕಾಳು ಎತ್ತಿ ಮೂಗಿನ ಹತ್ತಿರ ಹಿಡಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಸುಮಾ, ನಿನ್ನ ಗಂಡ ಎಲ್ಲಿ?"

ಗಿರೀಶ ಬಂಡೆಯ ಹಿಂದಿನಿಂದ ಬಂದ. ಕೈಯಲ್ಲಿ ಮನೆಯಿಂದ ತಂದ ಶರಬತ್ತಿನ ಬಾಟಲಿ ಇತ್ತು, ಥಳಥಳ ತೊಳೆದದ್ದು.

"ಗಿರೀಶರೇ, ಇದರಲ್ಲಿ ಎಂತ ಇತ್ತು?"

"ರೋಜ್ ಶರಬತ್ತುರೀ. ಕಾಮಕಸ್ತೂರಿ ಬೀಜ ಹಾಕಿದ್ದು. ಖಾಲಿ ಆತು ಅಂತ ಅಲ್ಲೇ ನೀರಾಗ ತೊಳದೆ" ಎಂದ ಗಿರೀಶ, ಹೊಗಳುತ್ತಾರೆಂದು ಕಾಯುತ್ತ.

ಬಾಯಿ ನನ್ನ ಕಡೆ ತಿರುಗಿದರು. "ಈ ಮೂರನೇ ಜಾತಿ ಕಪ್ಪೆ ನಿಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಉಂಟು ಮಾರಾಯ್ತಿ. ಹಾಲು ಹಾಕಿದ್ರೆ ಇನ್ನೂ ರುಚಿ." ಅಷ್ಟು ಹೇಳಿ ಅವರು ಕೂತುಬಿಟ್ಟರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಚಹಾ ಸೋಸುವ ಜಾಲರಿಯನ್ನು ಗಿರೀಶನ ಕೈಗೆ ಕೊಟ್ಟು, ಒಂದು ಬೀಜ ಉಳಿಯದಂತೆ ಹೆಕ್ಕಿಸಿದರು. ಮಧ್ಯಾಹ್ನದ ತನಕ ಅವನು ಬಗ್ಗಿಕೊಂಡೇ ಇದ್ದ. ನಾನು ಹಾಳೆಯ ಮೇಲೆ ಬರೆದದ್ದನ್ನು ಹೊಡೆದುಹಾಕಲು ಹೋದರೆ ಬಾಯಿ ಬಿಡಲಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ 'ತಪ್ಪು, ಶರಬತ್ತು' ಎಂದು ಬರೆದು ಸಹಿ ಹಾಕಬೇಕು ಎಂದರು. ಆ ಹಾಳೆ ಈಗಲೂ ಗುಂಪಿನ ಕಡತದಲ್ಲಿದೆ.

ಇನ್ನು ಏಳನೇ ಗುಂಡಿಯ ವಿಷಯ. ಅದು ಎಲ್ಲಕ್ಕಿಂತ ಮೇಲೆ, ಒಂದು ಬೋರೆ ಮರದ ಬುಡದಲ್ಲಿತ್ತು. ಮುಕ್ಕಾಲು ತಾಸು ಕಲ್ಲು ಹತ್ತಬೇಕು. ಬಾಯಿ ತಮ್ಮ ಜೀವನದಲ್ಲಿ ಮೊದಲ ಮೊಟ್ಟೆಯ ಸರ ಕಂಡದ್ದು ಅಲ್ಲಿ. ಆಮೇಲೊಂದು ವರ್ಷ ಹಳ್ಳ ಉಕ್ಕಿ ಬಂದು ಗುಂಡಿಯನ್ನು ಕಲ್ಲುಮಣ್ಣಿನಿಂದ ಮುಕ್ಕಾಲು ತುಂಬಿತು. ಅಂದಿನಿಂದ ಅಲ್ಲಿ ಒಂದು ಮೊಟ್ಟೆಯಿಲ್ಲ. ಆದರೂ ಬಾಯಿ ಪ್ರತಿ ಶನಿವಾರ ಹತ್ತುವರು, ತಟ್ಟೆ ಜಾರಿಸುವರು, ಹಾಳೆಯಲ್ಲಿ ದುಂಡಗೆ ಸೊನ್ನೆ ಬರೆಯುವರು. ಹನ್ನೊಂದು ವರ್ಷದ ಸೊನ್ನೆಗಳು.

"ಸೊನ್ನಿ ಬರೆಯಾಕ ಇಷ್ಟು ಹತ್ತಬೇಕೇನ್ರೀ ಬಾಯಾರ?" ಎಂದು ಒಮ್ಮೆ ಏದುಸಿರು ಬಿಡುತ್ತ ಕೇಳಿದ್ದೆ.

"ಸೊನ್ನೆ ಅಂದ್ರೆ ಖಾಲಿ ಅಲ್ಲ. ಹೋಗಿ ನೋಡಿ ಇಲ್ಲ ಅಂತ ಬರೆದದ್ದು ಸೊನ್ನೆ. ಹೋಗದೆ ಕೂತ್ರೆ ಅದು ಖಾಲಿ. ನಮ್ಮ ಲ್ಯಾಬಿನಲ್ಲಿ ನೆಗೆಟಿವ್ ರಿಪೋರ್ಟಿಗೆ ಜನ ಸ್ವೀಟ್ ತಂದು ಕೊಡ್ತಾರೆ, ಗೊತ್ತುಂಟಾ?"

ಕಳೆದ ವರ್ಷ ಬಾಯಿಯ ನಿವೃತ್ತಿ ಬಂತು. ಫೆಬ್ರವರಿ ಕೊನೆಗೆ ವೀಸಾ ಕ್ಯಾನ್ಸಲ್, ಊರಿಗೆ ಖಾಯಂ. ಅದೇ ಹೊತ್ತಿಗೆ ಗುಂಪಿನ ಮುಖ್ಯಸ್ಥರು, ಜನ ಕಡಿಮೆಯಾಗಿದ್ದಾರೆ, ಈ ವಸಂತದಲ್ಲೂ ಏಳನೇ ಗುಂಡಿ ಸೊನ್ನೆಯಾದರೆ ಅದನ್ನು ಪಟ್ಟಿಯಿಂದ ತೆಗೆಯೋಣ ಎಂದರು. ಬಾಯಿ ವಾದಿಸಲಿಲ್ಲ. "ಹೋಗುವ ಮೊದಲು ಒಂದು ಸಲ ಅಲ್ಲಿ ಮೊಟ್ಟೆ ನೋಡಿದ್ರೆ ಸಾಕಿತ್ತು" ಎಂದು ಕಾರಿನಲ್ಲಿ ನನಗೆ ಮಾತ್ರ ಹೇಳಿದರು. ಅವರು ತಮಗಾಗಿ ಏನನ್ನಾದರೂ ಬಯಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವರ ಕೊನೆಯ ಶನಿವಾರ ನಾಲ್ಕನೇ ಗುಂಡಿಯಲ್ಲಿ ಒಂಬತ್ತು ಸರಗಳಿದ್ದವು. ಏಳನೆಯದರಲ್ಲಿ ನೀರೇನೋ ಇತ್ತು, ಮೊಟ್ಟೆ ಇರಲಿಲ್ಲ. ತಟ್ಟೆಯನ್ನು ನಾಲ್ಕು ಮೂಲೆಗೂ ಜಾರಿಸಿ ನೋಡಿ, ಬಾಯಿ ಮೊಣಕಾಲು ಹಿಡಿದುಕೊಂಡು ಎದ್ದರು. ಅವರ ಮುಖ ನೋಡಲಾಗದೆ ನನ್ನ ಬಾಯಿಂದ ಮಾತು ಜಾರಿತು.

"ಬಾಯಾರ, ನಾಕನೇ ಗುಂಡ್ಯಾಗಿಂದು ಒಂದು ಸರಾ ತಂದು ಇಲ್ಲಿ ಬಿಡೋಣೇನ್ರೀ? ಒಂದ ಒಂದು. ನೀವೂ ನೋಡಿದಂಗ ಆಗ್ತದ, ಗುಂಡಿನೂ ಪಟ್ಟಿಯಾಗ ಉಳೀತದ."

ಅಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ಸಿಟ್ಟಾದದ್ದು ಆವತ್ತೇ. ಸ್ವರ ಏರಿಸಲಿಲ್ಲ. "ಲ್ಯಾಬಿನಲ್ಲಿ ಒಬ್ಬರ ರಕ್ತ ತೆಗೆದು ಇನ್ನೊಬ್ಬರ ಹೆಸರಿಗೆ ಹಾಕ್ತಿಯಾ ನೀನು? ಅವರಿಗೆ ಖುಷಿ ಆಗ್ಲಿ ಅಂತ?"

ನಾನು ತಲೆ ತಗ್ಗಿಸಿದೆ. ಅವರೇ ನನ್ನ ಭುಜದ ಮೇಲೆ ಕೈ ಇಟ್ಟರು. "ನನ್ನ ಮೇಲಿನ ಪ್ರೀತಿಗೆ ಹೇಳಿದ್ದು, ಗೊತ್ತುಂಟು. ಆದ್ರೆ ಹಾಳೆಗೆ ಪ್ರೀತಿ ಬೇಡ. ಮಾರ್ಚ್ ಮುಗಿಯುವ ತನಕ ನೀನು ಹತ್ತು. ಅಷ್ಟು ಸಾಕು ನನಗೆ." ಆಮೇಲೆ ದುಂಡಗೆ ಒಂದು ಸೊನ್ನೆ ಬರೆದು, ತಟ್ಟೆಯನ್ನು ಒರೆಸಿ ನನ್ನ ಚೀಲಕ್ಕೆ ಹಾಕಿದರು. ಏರ್‌ಪೋರ್ಟಿನಲ್ಲಿ ನಾನು ಅತ್ತೆ. ಅವರು ನನ್ನ ಕೈ ಮೂಸಿ "ಪಾಸ್" ಎಂದು ಒಳಗೆ ಹೋದರು.

ಮಾರ್ಚಿನ ಮೊದಲ ಎರಡು ಶನಿವಾರ ಸೊನ್ನೆ. ಎರಡನೇ ವಾರದ ಕೊನೆಗೆ ಬೆಟ್ಟದಲ್ಲಿ ಜೋರು ಮಳೆಯಾಯಿತು. ಮೂರನೇ ಶನಿವಾರ ಗಿರೀಶನನ್ನು ಕಾರಿನ ಬಳಿ ಬಿಟ್ಟು ಒಬ್ಬಳೇ ಹತ್ತಿದೆ. ಬೋರೆ ಮರದ ಬುಡದಲ್ಲಿ ಮೊಣಕಾಲೂರಿ, ಯಾರೂ ಹೇಳದಿದ್ದರೂ ನನ್ನ ಕೈ ನಾನೇ ಮೂಸಿಕೊಂಡೆ, ತಟ್ಟೆ ಜಾರಿಸಿದೆ. ಒಡೆದ ಅಂಚಿನ ಮೇಲೆ ಕರಿ ಕಾಳಿನ ಒಂದು ಸರ ಬಂದು ನಿಂತಿತು. ಅದರ ಆಚೆ, ಬೇರಿಗೆ ಸುತ್ತಿಕೊಂಡು, ಇನ್ನೊಂದು. ಆ ಸಂತೋಷವನ್ನು ಹೇಳಬೇಕಾದವರು ಪಕ್ಕದಲ್ಲಿರಲಿಲ್ಲ.

ವಾದಿಯಲ್ಲಿ ಸಿಗ್ನಲ್ ಇಲ್ಲ. ಹಾಳೆಯಲ್ಲಿ ಒಂದು ಕಾಲಂ ಬಿಟ್ಟು ಉಳಿದದ್ದೆಲ್ಲ ತುಂಬಿ, ಇಳಿದು, ರಸ್ತೆ ಬದಿಯ ಚಹಾ ಅಂಗಡಿಗೆ ಬಂದು ಫೋನ್ ಮಾಡಿದೆ. ಕಿನ್ನಿಗೋಳಿಯಲ್ಲಿ ಬಸ್ಸಿನ ಹಾರ್ನ್ ಕೇಳುತ್ತಿತ್ತು.

"ಬಾಯಾರ, ಏಳನೇ ಗುಂಡ್ಯಾಗ ಎರಡು ಸರಾ ಅದಾವ್ರೀ!"

ಬಾಯಿ ಮೆಲ್ಲಗೆ ಕೇಳಿದರು. "ಮೂಸಿ ನೋಡಿದಿಯಾ?"

"ನೋಡೀನ್ರೀ. ಗುಲಾಬಿ ಇಲ್ಲ, ಬರೇ ಕೆಸರಿನ ವಾಸನಿ."

ಅವರು ನಕ್ಕರು. ನಗು ನಡುವೆ ಎಲ್ಲೋ ಕಟ್ಟಿಕೊಂಡು ಅಳುವಾಯಿತು, ಮತ್ತೆ ನಗುವಾಯಿತು. ಫೋಟೊ ಕಳಿಸಿದೆ. 'ನೋಡಿದವರು' ಎನ್ನುವ ಕಾಲಂ ಖಾಲಿ ಬಿಟ್ಟಿದ್ದೇನೆ, ನಿಮ್ಮ ಹೆಸರು ಬರೆಯುತ್ತೇನೆ ಎಂದೆ. ಹನ್ನೊಂದು ವರ್ಷ ಹತ್ತಿದವರು ನೀವು ಎಂದೆ.

"ಬೇಡ. ಸೊನ್ನೆಗಳೆಲ್ಲ ನನ್ನವು, ಅವು ನನ್ನ ಹೆಸರಲ್ಲೇ ಉಂಟು. ಇದನ್ನು ನಾನು ಎಲ್ಲಿ ನೋಡಿದೆ? ಫೋನಲ್ಲಿ ನೋಡಿದ್ದು ನೋಡಿದ್ದಲ್ಲ. ನಿನ್ನ ಹೆಸರು ಬರಿ ಮಾರಾಯ್ತಿ. ಪೂರ್ತಿ ಹೆಸರು."

ಕಾರಿನ ಬಾನೆಟ್ ಮೇಲೆ ಹಾಳೆ ಇಟ್ಟು ಪೂರ್ತಿ ಹೆಸರು ಬರೆದೆ. ಗಿರೀಶ ಎರಡು ಕಪ್ ಗಟ್ಟಿ ಹಾಲಿನ ಕರಕ್ ಚಹಾ ತಂದು, "ಕೈ ತೊಳ್ಕೊಂಡು ಬಾ, ಆರತದ" ಎಂದ. ಕೈಯಲ್ಲಿ ಇನ್ನೂ ಏಳನೇ ಗುಂಡಿಯ ಕೆಸರಿನ ವಾಸನೆ ಇತ್ತು. ನಾನು ತೊಳೆಯದೆ ಹಾಗೇ ಚಹಾ ಕುಡಿದೆ.