ಕಾರಿನ ನಡುಕವೂ ಅಪ್ಪನ ಬಕೆಟೂ

ತೋಡಾರಿನ ಗ್ಯಾರೇಜಿನಲ್ಲಿ ನನ್ನ ಡೈರಿ ಓದುತ್ತಿದ್ದ ಮೆಕ್ಯಾನಿಕ್ ಇದ್ದಕ್ಕಿದ್ದಂತೆ ನಗತೊಡಗಿದರು. ನಾವು ಕೊಂಡ ಹಳೆಯ ಕಾರಿನ ಸ್ಟೇರಿಂಗ್ ಈಚೆಗೆ ಬ್ರೇಕ್ ಒತ್ತಿದರೆ ಗಡಗಡ ಅದುರುತ್ತಿತ್ತು. ಹೆದರಿದ ಅಮ್ಮ ಅದನ್ನು ಹತ್ತುವುದನ್ನೇ ಬಿಟ್ಟಿದ್ದರು. ಹತ್ತೊಂಬತ್ತು ಸಲ ಅದುರಿದ್ದನ್ನು ನಾನು ಬರೆದಿಟ್ಟಿದ್ದೆ. ಪ್ರತಿ ಸಲ ಮನೆ ತಲುಪಿದೊಡನೆ ಅಪ್ಪ ಚಕ್ರಗಳಿಗೆ ನೀರು ಹೊಯ್ದದ್ದನ್ನೂ ಬರೆದಿದ್ದೆ.

“ಮಾರಾಯ್ರೆ, ಓಡಿ ಬಂದ ಕೂಡಲೇ ನೀರು ಹೊಯ್ದರೆ ಚಕ್ರದ ಒಳಗಿನ ಕಾದ ಬ್ರೇಕ್ ಡಿಸ್ಕ್ ಸೊಟ್ಟ ಆಗಿ ಸ್ಟೇರಿಂಗ್ ಅದುರದೆ ಇರ್ತದಾ?” ಎಂದು ಅವರು ಅಪ್ಪನನ್ನು ಕೇಳಿದರು.

“ಪಾಪ, ಅದಕ್ಕೂ ಸೆಕೆ ಆಗ್ತದಲ್ಲಾ ಅಂತ…” ಎಂದರು ಅಪ್ಪ.

ಹೊಸ ಡಿಸ್ಕ್ ಹಾಕಿಸಿದ ಮೇಲೆ ಅಮ್ಮ ಮುಂದಿನ ಸೀಟಿನಲ್ಲೇ ಕುಳಿತು ಬೆಳುವಾಯಿಗೆ ಹೋಗಿಬಂದರು. ಕಾರು ಓಡಿಸಿದ ನಾನು ಇಪ್ಪತ್ತೆರಡು ಸಲ ಬ್ರೇಕ್ ಒತ್ತಿದೆ, ಅದುರಿದ್ದು ಸೊನ್ನೆ. ಮನೆಯಲ್ಲಿ ಅಪ್ಪ ಬಕೆಟ್ ತುಂಬಿಸಿ ತಂದರು. ಆಮೇಲೆ ಕುರ್ಚಿ ಹಾಕಿಕೊಂಡು, ಕಾರು ತಣಿಯುವವರೆಗೂ ಅದರ ಪಕ್ಕದಲ್ಲೇ ಕುಳಿತರು.